ಜಾಂಗೋ ರೈನ್‌ಹಾರ್ಟ್: 1939ರ ನಂತರದ ವರ್ಷಗಳನ್ನು ಇಳಿಗಾಲವೆಂದು ಕರೆಯುವುದು ಸರಿಯೇ?

ತಂತಿಪ್ರಿಯ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ಮುಖ್ಯವಾಗಿ ಹಿಂದೂಸ್ತಾನಿ ವಾದ್ಯಸಂಗೀತದ ಕೇಳುಗ. ಇತ್ತೀಚೆಗೆ ಫ್ರಾನ್ಸಿನ ಜಾಝ್ ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್‌ನ ಧ್ವನಿಮುದ್ರಿಕೆಗಳನ್ನು ಕೇಳತೊಡಗಿದ್ದೇನೆ. ಪಿಟೀಲುವಾದಕ ಸ್ಟೆಫಾನ್ ಗ್ರಪೆಲ್ಲಿಯ ಜೊತೆ 1934ರಿಂದ 1939ರವರೆಗೆ ನುಡಿಸಿದ 'ಕ್ವಿಂಟೆಟ್ ಆಫ್ ದಿ ಹಾಟ್ ಕ್ಲಬ್ ಆಫ್ ಫ್ರಾನ್ಸ್' ತಂಡದ ತುಣುಕುಗಳು ನನಗೆ ಈಗ ಬಾಯಿಪಾಠವೇ ಆಗಿವೆ. ಒಂದು ಪಿಟೀಲು, ಮೂರು ಗಿಟಾರು, ಒಂದು ಬೇಸ್. ಡ್ರಮ್ಸ್ ಇಲ್ಲ, ತುತ್ತೂರಿಯಿಲ್ಲ. ಆದರೂ ಲಯ ಎಲ್ಲಿಯೂ ಸಡಿಲವಾಗುವುದಿಲ್ಲ.

ನನ್ನ ಪ್ರಶ್ನೆ ಅದರ ನಂತರದ ಕಾಲಕ್ಕೆ ಸಂಬಂಧಿಸಿದ್ದು. ಆತನ ಬಗ್ಗೆ ಓದಿದ ಕಿರುಪರಿಚಯಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಕಥೆಯಿದೆ: ಯುದ್ಧದಿಂದಾಗಿ ಗ್ರಪೆಲ್ಲಿ ದೂರವಾದ, 1946ರ ಅಮೆರಿಕ ಪ್ರವಾಸ ವಿಫಲವಾಯಿತು, ಆಮೇಲೆ ಜಾಂಗೋ ಚಿತ್ರ ಬರೆಯುತ್ತ, ಮೀನು ಹಿಡಿಯುತ್ತ ಹಳ್ಳಿಯಲ್ಲಿ ಉಳಿದು 1953ರಲ್ಲಿ 43ನೆಯ ವಯಸ್ಸಿಗೆ ತೀರಿಕೊಂಡ. ಎಲ್ಲ ಮುಖ್ಯ ಕೆಲಸವೂ ಮೊದಲ ಐದು ವರ್ಷಗಳಲ್ಲೇ ಮುಗಿದುಹೋಯಿತು ಎಂಬ ಭಾವನೆ ಅದರಿಂದ ಬರುತ್ತದೆ. ಇದು ನ್ಯಾಯವಾದ ತೀರ್ಮಾನವೇ? ಅಮೆರಿಕದಲ್ಲಿ ನಿಜವಾಗಿ ನಡೆದದ್ದೇನು? ನಂತರದ ಕಾಲದ ಯಾವ ಮುದ್ರಣಗಳನ್ನು ಕೇಳಬೇಕು? ಎಡಗೈಯ ಎರಡೇ ಬೆರಳುಗಳಿಂದ ಆತ ನುಡಿಸುತ್ತಿದ್ದನೆಂಬ ಮಾತನ್ನೂ ಬಲ್ಲವರು ಸ್ವಲ್ಪ ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಹಳೆಯ ಗ್ರಾಮಫೋನು ಬರೆದ ಉತ್ತರ:

ತಂತಿಪ್ರಿಯರೇ, ನೀವು ಓದಿದ ಕಥೆಯಲ್ಲಿ ಘಟನೆಗಳು ಸುಳ್ಳಲ್ಲ, ಆದರೆ ಅವುಗಳನ್ನು ಪೋಣಿಸಿದ ದಾರ ತಪ್ಪಿದೆ ಎಂಬುದು ನನ್ನ ಅಭಿಪ್ರಾಯ. ಜಾಂಗೋನ ಅತ್ಯಂತ ಪ್ರಬುದ್ಧವಾದ ವಾದನ 1951ರಿಂದ 1953ರ ನಡುವಿನದು. ಅದನ್ನು ಕೇಳದವರು ಆತನ ಅರ್ಧ ಭಾಗವನ್ನು ಮಾತ್ರ ಕೇಳಿದ್ದಾರೆ ಎನ್ನಲು ನನಗೆ ಸಂಕೋಚವಿಲ್ಲ.

ಮೊದಲು 1939ರ ವಿಷಯ. ಯುದ್ಧ ಘೋಷಣೆಯಾದಾಗ ತಂಡ ಇಂಗ್ಲೆಂಡಿನ ಪ್ರವಾಸದಲ್ಲಿತ್ತು. ಜಾಂಗೋ ತಕ್ಷಣ ಪ್ಯಾರಿಸ್‌ಗೆ ಮರಳಿದ, ಗ್ರಪೆಲ್ಲಿ ಲಂಡನ್ನಿನಲ್ಲೇ ಉಳಿದ. ಜೋಡಿ ಮುರಿಯಿತು ನಿಜ, ಆದರೆ ಜಾಂಗೋನ ಹೆಸರು ಅತ್ಯಂತ ದೊಡ್ಡದಾದದ್ದು ಅದರ ನಂತರವೇ. ಪಿಟೀಲಿನ ಜಾಗಕ್ಕೆ ಹ್ಯೂಬೆರ್ ರೋಸ್ತೇನ ಕ್ಲಾರಿನೆಟ್ ಬಂತು, ಡ್ರಮ್ಸ್ ಸೇರಿತು. ಈ ಹೊಸ ತಂಡ 1940ರಲ್ಲಿ ಮುದ್ರಿಸಿದ, 'ಮೋಡಗಳು' ಎಂಬ ಅರ್ಥದ 'ನ್ಯುಆಜ್' ಜರ್ಮನರ ವಶದಲ್ಲಿದ್ದ ಫ್ರಾನ್ಸಿನಲ್ಲಿ ಜನರ ಮನಸ್ಸಿನ ಹಾಡಾಯಿತು. ಜಾಝ್ ಕೇಳುಗರ ಒಂದು ಕೂಟಕ್ಕೆ ಮಾತ್ರ ಪರಿಚಿತನಾಗಿದ್ದ ವಾದಕ ಪ್ಯಾರಿಸ್ಸಿನ ದೊಡ್ಡ ಸಭಾಂಗಣಗಳನ್ನು ತುಂಬಿಸುವ ತಾರೆಯಾದದ್ದು ಆ ಕತ್ತಲ ವರ್ಷಗಳಲ್ಲಿ. ಅದೇ ಅವಧಿಯಲ್ಲಿ ಆತ ವಾದ್ಯವೃಂದಕ್ಕಾಗಿಯೂ ರಚನೆಗಳನ್ನು ಕಲ್ಪಿಸಿದ. ಸ್ವರಲಿಪಿಯನ್ನು ಓದಲೂ ಬರೆಯಲೂ ಬಾರದ ಆತ ಗಿಟಾರಿನಲ್ಲಿ ಒಂದೊಂದು ವಾದ್ಯದ ಪಾಲನ್ನೂ ನುಡಿಸಿ ತೋರಿಸುತ್ತಿದ್ದ, ಕ್ಲಾರಿನೆಟ್ ವಾದಕ ಜೆರಾರ್ ಲೆವೆಕ್ ಅದನ್ನು ಬರೆದುಕೊಳ್ಳುತ್ತಿದ್ದ.

ಇನ್ನು ಅಮೆರಿಕ. 1946ರ ಶರತ್ಕಾಲದಲ್ಲಿ ಅಮೆರಿಕದ ಪ್ರಸಿದ್ಧ ಜಾಝ್ ಸಂಯೋಜಕ, ವಾದ್ಯವೃಂದದ ನಾಯಕ ಡ್ಯೂಕ್ ಎಲಿಂಗ್ಟನ್ನನ ಆಹ್ವಾನದ ಮೇಲೆ ಆತ ಹೊರಟ. ತನ್ನ ಗಿಟಾರನ್ನೂ ಒಯ್ಯಲಿಲ್ಲ. ಅಮೆರಿಕದ ತಯಾರಕರು ತಮ್ಮ ವಾದ್ಯ ನುಡಿಸೆಂದು ಮುಗಿಬೀಳುತ್ತಾರೆಂದು ನಂಬಿದ್ದನಂತೆ. ಯಾರೂ ಮುಗಿಬೀಳಲಿಲ್ಲ. ಕೈಗೆ ಸಿಕ್ಕ ವಿದ್ಯುತ್ ಗಿಟಾರಿನಲ್ಲಿ ನುಡಿಸಬೇಕಾಯಿತು. ಕಾರ್ಯಕ್ರಮ ನವೆಂಬರಿನಲ್ಲಿ ಕ್ಲೀವ್‌ಲ್ಯಾಂಡ್‌ನಿಂದ ಆರಂಭವಾಗಿ ಷಿಕಾಗೋ ಮುಂತಾದ ನಗರಗಳ ಮೂಲಕ ನ್ಯೂಯಾರ್ಕಿಗೆ ಬಂತು. ಇಲ್ಲಿ ಗಮನಿಸಬೇಕಾದದ್ದು ವ್ಯವಸ್ಥೆಯ ಲೋಪ. ಎಲಿಂಗ್ಟನ್ ತನ್ನ ತಂಡದ ಒಬ್ಬೊಬ್ಬ ವಾದಕನ ಧ್ವನಿಗೆ ತಕ್ಕಂತೆ ಸಂಗೀತ ಬರೆಯುವುದರಲ್ಲಿ ಅದ್ವಿತೀಯ, ಆದರೆ ಜಾಂಗೋನಿಗಾಗಿ ಅಂಥ ರಚನೆಗಳೇನೂ ಸಿದ್ಧವಾಗಲಿಲ್ಲ. ಕಾರ್ಯಕ್ರಮದ ಕೊನೆಯ ಭಾಗದಲ್ಲಿ ಆತ ವೇದಿಕೆಗೆ ಬಂದು ಕೆಲವು ತುಣುಕುಗಳನ್ನು ನುಡಿಸುತ್ತಿದ್ದ, ತಂಡ ಹಿಂದಿನಿಂದ ಸರಳವಾದ ಬೆಂಬಲ ಕೊಡುತ್ತಿತ್ತು, ಅಷ್ಟೇ. ಷಿಕಾಗೋ ಕಾರ್ಯಕ್ರಮದ ಮುದ್ರಣ ಉಳಿದಿದೆ. ಕೇಳಿ ನೋಡಿ, ವಾದನದಲ್ಲಿ ಸೋಲಿನ ಸುಳಿವೂ ಇಲ್ಲ, ಜನ ಕೂಗಿ ಕೂಗಿ ಮೆಚ್ಚುತ್ತಾರೆ.

ಸೋಲಿನ ಮಾತು ಹುಟ್ಟಿದ್ದು ನ್ಯೂಯಾರ್ಕಿನ ಹೆಸರಾಂತ ಸಭಾಂಗಣ ಕಾರ್ನೆಗಿ ಹಾಲ್‌ನಿಂದ. ನವೆಂಬರ್ 23ರ ರಾತ್ರಿ ಚೆನ್ನಾಗಿಯೇ ನಡೆಯಿತು. 24ರಂದು ಆತ ಬಹಳ ತಡವಾಗಿ ಬಂದ. ಅಂದು ಆತನ ಜೊತೆಗಿದ್ದವನು ಫ್ರಾನ್ಸಿನ ಮುಷ್ಟಿಯುದ್ಧದ ಪಟು ಮಾರ್ಸೆಲ್ ಸೆರ್ದಾಂ, ಇಬ್ಬರೂ ಮಾತಿನಲ್ಲಿ ಹೊತ್ತು ಮರೆತರು ಎಂಬುದು ಪ್ರಚಲಿತವಾದ ವಿವರಣೆ. ಪತ್ರಿಕೆಗಳು ಸಹಜವಾಗಿಯೇ ಆ ತಡವನ್ನು ಹಿಡಿದುಕೊಂಡವು. ಅದರ ನಂತರ ನ್ಯೂಯಾರ್ಕಿನ ಕೆಫೆ ಸೊಸೈಟಿ ಅಪ್‌ಟೌನ್‌ನಲ್ಲಿ ಕೆಲವು ವಾರ ನುಡಿಸಿ 1947ರ ಫೆಬ್ರವರಿಯಲ್ಲಿ ಊರಿಗೆ ಮರಳಿದ. ನಿರೀಕ್ಷೆಗೆ ಹೋಲಿಸಿದರೆ ಅದು ನಿರಾಶೆಯೇ. ಆದರೆ ಆ ಪ್ರವಾಸದಿಂದ ಆತ ತಂದದ್ದು ಎರಡು: ವಿದ್ಯುತ್ ಗಿಟಾರಿನ ಸಲುಗೆ, ಮತ್ತು 1940ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ ಹೊಸ ಜಾಝ್ ಶೈಲಿಯಾದ ಬೀಬಾಪ್ ಕುರಿತ ತೀವ್ರ ಕುತೂಹಲ. 1947ರಲ್ಲಿ ಮುದ್ರಿಸಿದ ಒಂದು ರಚನೆಗೆ ಆತ ತನ್ನ ಮಗನ ಹೆಸರು ಸೇರಿಸಿ 'ಬಾಬಿಕ್ (ಬಿ-ಬಾಪ್)' ಎಂದೇ ಹೆಸರಿಟ್ಟ.

1951ರಲ್ಲಿ ಆತ ಸೇನ್ ನದಿಯ ದಡದ ಸಾಮುವಾ ಎಂಬ ಹಳ್ಳಿಯಲ್ಲಿ ಮನೆ ಮಾಡಿದ್ದು ನಿಜ. ಅದೇ ವರ್ಷ ಪ್ಯಾರಿಸ್ಸಿನ ಕ್ಲಬ್ ಸಾಂ ಜೆರ್ಮೇನ್‌ನಲ್ಲಿ ತನಗಿಂತ ಹತ್ತು ಹದಿನೈದು ವರ್ಷ ಚಿಕ್ಕವರಾದ ಬೀಬಾಪ್ ವಾದಕರ ನಡುವೆ ಕುಳಿತು ನುಡಿಸತೊಡಗಿದ್ದೂ ಅಷ್ಟೇ ನಿಜ, ಕಿರುಪರಿಚಯಗಳು ಈ ಎರಡನೆಯ ಸಂಗತಿಯನ್ನು ಬಿಟ್ಟುಬಿಡುತ್ತವೆ. ಆಲ್ಟೊ ಸ್ಯಾಕ್ಸೊಫೋನಿಗೆ ಹ್ಯೂಬೆರ್ ಫೋಲ್, ಬೇಸ್‌ಗೆ ಪಿಯೆರ್ ಮಿಶೆಲೋ, ಡ್ರಮ್ಸ್‌ಗೆ ಪಿಯೆರ್ ಲಮಾರ್ಶಾಂ. ಇವರ ಜೊತೆ ಡೆಕ್ಕಾ ಸಂಸ್ಥೆಗಾಗಿ ಮಾಡಿದ ಮುದ್ರಣಗಳಲ್ಲಿ 1951ರ 'ಇಂಪ್ರಾಂಪ್ತ್ಯು', 1952ರ 'ಫ್ಲೆಶ್ ದೋರ್', 1953ರ ಜನವರಿಯ 'ಅನೂಮಾನ್' ಈ ಮೂರನ್ನು ಮೊದಲು ಕೇಳಿ. 'ಅನೂಮಾನ್'ನಲ್ಲಿ ಸ್ಯಾಕ್ಸೊಫೋನ್ ಮೂಲಧಾಟಿಯನ್ನು ಹಾಡಿ ಮುಗಿಸಿದ ಮೇಲೆ ಗಿಟಾರ್ ಪ್ರವೇಶಿಸುವ ರೀತಿ ಒಂದು ಪಾಠ: ಹಳೆಯ ಜಾಂಗೋ ಆಗಿದ್ದರೆ ಸ್ವರಗಳ ಮಳೆ ಸುರಿಸುತ್ತಿದ್ದ, ಇಲ್ಲಿ ಎಷ್ಟು ಬಿಡಬೇಕೆಂಬುದನ್ನು ಆರಿಸುತ್ತಾನೆ.

ಲಯಸಂಗಾತಿ ಬರೆದ ಉತ್ತರ:

ಹಳೆಯ ಗ್ರಾಮಫೋನು ಅವರ ವಿವರಣೆ ಮೌಲಿಕವಾಗಿದೆ, ಆದರೆ ಅವರು ತಕ್ಕಡಿಯನ್ನು ಇನ್ನೊಂದು ಕಡೆಗೆ ತುಸು ಹೆಚ್ಚಾಗಿಯೇ ವಾಲಿಸಿದ್ದಾರೆ ಎನಿಸುತ್ತದೆ. ಸಂಗೀತ ಮತ್ತು ವೃತ್ತಿಜೀವನ ಎರಡನ್ನೂ ಬೇರೆಬೇರೆಯಾಗಿ ನೋಡೋಣ. ವಾದಕನಾಗಿ ಜಾಂಗೋ ಕೊನೆಯವರೆಗೂ ಬೆಳೆದ ಎಂಬುದನ್ನು ನಾನು ಒಪ್ಪುತ್ತೇನೆ. ವೃತ್ತಿಯ ದೃಷ್ಟಿಯಿಂದ ಮಾತ್ರ 1947ರಿಂದ 1950ರವರೆಗಿನ ಕಾಲ ಇಳಿಜಾರೇ ಆಗಿತ್ತು. ಯುದ್ಧ ಮುಗಿದ ಮೇಲೆ ಅಮೆರಿಕದ ಜಾಝ್ ಫ್ರಾನ್ಸಿಗೆ ನೇರವಾಗಿ ಬರತೊಡಗಿತು. 1948ರಲ್ಲಿ ಬೀಬಾಪ್‌ನ ಪ್ರವರ್ತಕರಲ್ಲೊಬ್ಬನಾದ ಡಿಜ್ಜಿ ಗಿಲೆಸ್ಪಿಯ ದೊಡ್ಡ ತಂಡ ಪ್ಯಾರಿಸ್ಸಿನ ಸಾಲ್ ಪ್ಲೆಯೆಲ್‌ನಲ್ಲಿ ನುಡಿಸಿದ ಮೇಲೆ ಯುವ ಕೇಳುಗರ ಕಿವಿಯೇ ಬದಲಾಯಿತು. ಜಾಂಗೋನನ್ನು ಬೆಳೆಸಿದ ಹಾಟ್ ಕ್ಲಬ್ ಸಂಸ್ಥೆಯೂ ಇದೇ ಜಗಳದಲ್ಲಿ ಒಡೆಯಿತು. ಅದರ ಇಬ್ಬರು ಮುಖಂಡರಲ್ಲಿ ಯೂಗ್ ಪನಾಸಿಯೆ ಬೀಬಾಪನ್ನು ಜಾಝ್ ಎಂದೇ ಒಪ್ಪಲಿಲ್ಲ, ಶಾರ್ಲ್ ದೆಲೋನೆ ಅದನ್ನು ಎತ್ತಿಹಿಡಿದ. ಈ ನಡುವೆ ಜಾಂಗೋ ಹಳಬರಿಗೆ ಬದಲಾದವನಂತೆಯೂ ಹೊಸಬರಿಗೆ ಹಳಬನಂತೆಯೂ ಕಂಡ. ಕಾರ್ಯಕ್ರಮಗಳು ಕಡಿಮೆಯಾದವು. ಒಪ್ಪಿಕೊಂಡ ಕಾರ್ಯಕ್ರಮಕ್ಕೆ ಬಾರದಿರುವ ಆತನ ಅಭ್ಯಾಸವನ್ನು ಮೊದಲು ಪ್ರತಿಭೆಯ ವಿಚಿತ್ರವೆಂದು ಸಹಿಸುತ್ತಿದ್ದ ವ್ಯವಸ್ಥಾಪಕರಿಗೆ ಈಗ ಸಹಿಸಬೇಕಾದ ಅಗತ್ಯವಿರಲಿಲ್ಲ.

1930ರ ದಶಕದ ತಂಡವನ್ನು ಬರೀ ಪೀಠಿಕೆಯೆಂಬಂತೆ ಕಾಣುವುದೂ ನನಗೆ ಸರಿಬರುವುದಿಲ್ಲ. ಆ ತಂಡ ಹುಟ್ಟಿದ್ದು ಪ್ಯಾರಿಸ್ಸಿನ ಕ್ಲಾರಿಜ್ ಹೋಟೆಲಿನಲ್ಲಿ, ಸಂಜೆಯ ಚಹಾದ ಹೊತ್ತಿನ ನೃತ್ಯಕ್ಕೆ ನುಡಿಸುವ ವಾದ್ಯವೃಂದದ ವಿರಾಮದ ಸಮಯದಲ್ಲಿ. ಬೇಸ್ ವಾದಕ ಲೂಯಿ ವೋಲಾ ಆ ವೃಂದದ ಮುಖ್ಯಸ್ಥ. ತೆರೆಯ ಹಿಂದೆ ಜಾಂಗೋ ಮತ್ತು ಗ್ರಪೆಲ್ಲಿ ತಮ್ಮ ಸಂತೋಷಕ್ಕಾಗಿ ನುಡಿಸುತ್ತಿದ್ದುದೇ 1934ರ ಡಿಸೆಂಬರಿನ ಹೊತ್ತಿಗೆ ಅಲ್ಟ್ರಾಫೋನ್ ಸಂಸ್ಥೆಯ ಮುದ್ರಣಗಳವರೆಗೆ ಬೆಳೆಯಿತು. ಜಾಂಗೋನ ತಮ್ಮ ಜೋಸೆಫ್ ಮತ್ತು ರೋಜೆ ಶಾಪು ಎರಡು ಗಿಟಾರುಗಳಲ್ಲಿ ಹಿಡಿಯುತ್ತಿದ್ದ ತಾಳದ ಗಟ್ಟಿತನ ಯುದ್ಧಾನಂತರದ ಯಾವ ತಂಡದಲ್ಲೂ ನನಗೆ ಸಿಕ್ಕಿಲ್ಲ. ಪಿಯಾನೋ ಬಂದ ಮೇಲೆ ಗಿಟಾರಿಗೆ ಸ್ಥಳ ಸಿಕ್ಕಿತು, ನಿಜ. ಆದರೆ ನೆಲ ಮೆತ್ತಗಾಯಿತು.

ಗ್ರಪೆಲ್ಲಿಯ ಜೊತೆ 1949ರಲ್ಲಿ ರೋಮ್‌ನಲ್ಲಿ ಮಾಡಿದ ಹತ್ತಾರು ಮುದ್ರಣಗಳನ್ನು ಈ ಚರ್ಚೆಯಲ್ಲಿ ಮರೆಯಬಾರದು. ಅಲ್ಲಿಯ ಇಟಲಿಯ ಪಿಯಾನೋ, ಬೇಸ್, ಡ್ರಮ್ಸ್ ವಾದಕರು ಸಾಧಾರಣ ಮಟ್ಟದವರು. ಹಾಗಾಗಿ ಕೆಲವರು ಆ ಮುದ್ರಣಗಳನ್ನು ತಳ್ಳಿಹಾಕುತ್ತಾರೆ. ಆದರೆ ಹಳೆಯ ಇಬ್ಬರು ಗೆಳೆಯರಲ್ಲಿ ಒಬ್ಬ ಇದ್ದಲ್ಲೇ ಇದ್ದಾನೆ, ಇನ್ನೊಬ್ಬ ಎಲ್ಲಿಗೋ ಹೊರಟಿದ್ದಾನೆ ಎಂಬುದು ಅಲ್ಲಿ ಕೇಳಿಸುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕೇಳಿಸುವುದಿಲ್ಲ.

ಆರುತಂತಿ ಬರೆದ ಉತ್ತರ:

ನಾನು ಗಿಟಾರ್ ನುಡಿಸುವವನಾದ್ದರಿಂದ ಕೈಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. 1928ರಲ್ಲಿ, 18ನೆಯ ವಯಸ್ಸಿನಲ್ಲಿ, ಪ್ಯಾರಿಸ್ಸಿನ ಅಂಚಿನ ಸಾಂ ತೂವಾನ್‌ನಲ್ಲಿದ್ದ ಆತನ ಬಂಡಿಮನೆಗೆ ಬೆಂಕಿ ಬಿತ್ತು. ಹೆಂಡತಿ ಮಾರಾಟಕ್ಕೆಂದು ಮಾಡಿಟ್ಟಿದ್ದ ಸೆಲ್ಯುಲಾಯ್ಡ್ ಹೂಗಳಿಗೆ ಮೇಣದಬತ್ತಿಯ ಕಿಡಿ ತಗಲಿತ್ತು. ಕಾಲು ಕತ್ತರಿಸಬೇಕೆಂದು ವೈದ್ಯರು ಹೇಳಿದರೂ ಆತ ಒಪ್ಪಲಿಲ್ಲ. ಎಡಗೈಯ ಉಂಗುರದ ಬೆರಳು ಮತ್ತು ಕಿರುಬೆರಳು ಮಡಚಿಕೊಂಡು ಹಾಗೆಯೇ ಉಳಿದವು. ಅದಕ್ಕೂ ಮುನ್ನ ಆತ ಅಕಾರ್ಡಿಯನ್ ವಾದಕರಿಗೆ ಬ್ಯಾಂಜೊದಲ್ಲಿ ಸಾಥ್ ಕೊಡುತ್ತಿದ್ದವನು. ಆಸ್ಪತ್ರೆಯಲ್ಲಿ ಗಿಟಾರ್ ಹಿಡಿದು ಮತ್ತೆ ಮೊದಲಿನಿಂದ ಕಲಿತ.

ಆ ಎರಡು ಬೆರಳುಗಳು ಪೂರ್ತಿ ನಿಷ್ಪ್ರಯೋಜಕವಾಗಿರಲಿಲ್ಲ. ಕಾರ್ಡ್ (ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಗುಚ್ಛ) ಹಿಡಿಯುವಾಗ ಮೇಲಿನ ಸ್ಥಾಯಿಯ ಎರಡು ತಂತಿಗಳ ಮೇಲೆ ಅವುಗಳನ್ನು ಊರಿಡುತ್ತಿದ್ದ. ಒಂಟಿ ಸ್ವರಗಳ ಓಟದಲ್ಲಿ ಮಾತ್ರ ಕೆಲಸವೆಲ್ಲ ತೋರುಬೆರಳು ಮತ್ತು ನಡುಬೆರಳಿನದು. ನಾಲ್ಕು ಬೆರಳಿನ ವಾದಕ ಒಂದು ಸ್ಥಾನದಲ್ಲಿ ಕೈಯಿಟ್ಟು ತಂತಿಯಿಂದ ತಂತಿಗೆ ಅಡ್ಡಲಾಗಿ ಚಲಿಸುತ್ತಾನೆ. ಜಾಂಗೋ ಗಿಟಾರಿನ ಕತ್ತಿನ ಉದ್ದಕ್ಕೆ ಓಡುತ್ತಾನೆ. ಆತನ ವಾದನದಲ್ಲಿ ತಗ್ಗಿನಿಂದ ತಾರಸ್ಥಾಯಿಗೆ ಒಂದೇ ಉಸಿರಿನಲ್ಲಿ ಏರುವ ಸಾಲುಗಳು, ಒಂದೇ ತಂತಿಯ ಮೇಲೆ ಅರ್ಧಸ್ವರಗಳಲ್ಲಿ ಜಾರುವ ಓಟಗಳು, ಒಂದೇ ಸ್ವರವನ್ನು ಎರಡು ಸ್ಥಾಯಿಗಳಲ್ಲಿ ಒಟ್ಟಿಗೆ ನುಡಿಸುವ ಜೋಡಿ ಅಷ್ಟಮಗಳು ಇಷ್ಟೊಂದು ಇರುವುದಕ್ಕೆ ಇದೇ ಕಾರಣ. 'ಅಂಗವೈಕಲ್ಯದ ನಡುವೆಯೂ ನುಡಿಸಿದ' ಎಂಬ ಮೆಚ್ಚುಗೆ ನನಗೆ ಹಿಡಿಸುವುದಿಲ್ಲ. ಆ ಕೈ ಯಾವ ದಾರಿಯಲ್ಲಿ ಹೋಗಬಲ್ಲದೋ ಆ ದಾರಿಯೇ ಶೈಲಿಯಾಯಿತು.

ವಾದ್ಯದ ಮಾತನ್ನೂ ಸೇರಿಸಬೇಕು, ಏಕೆಂದರೆ ಮೇಲಿನ ವಾದಕ್ಕೆ ಅದು ನೇರ ಸಂಬಂಧಪಟ್ಟಿದೆ. ಮಾರಿಯೋ ಮಕ್ಕಫೆರ್ರಿ ವಿನ್ಯಾಸಗೊಳಿಸಿ ಸೆಲ್ಮರ್ ಸಂಸ್ಥೆ 1932ರಿಂದ ತಯಾರಿಸಿದ ಗಿಟಾರಿಗೆ ದೊಡ್ಡ ದನಿಯಿದೆ, ಆದರೆ ನಾದ ಬೇಗನೆ ಆರುತ್ತದೆ. 1930ರ ದಶಕದಲ್ಲಿ ಆತ ಅಷ್ಟು ದಟ್ಟವಾಗಿ ಸ್ವರ ತುಂಬಿದ್ದರಲ್ಲಿ ಈ ಗುಣದ ಪಾಲೂ ಇದೆ. ಯುದ್ಧದ ನಂತರ ಅದೇ ಸೆಲ್ಮರ್ ಗಿಟಾರಿಗೆ ಸ್ಟಿಮರ್ ಎಂಬ ಫ್ರೆಂಚ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ) ಜೋಡಿಸಿ ಆಂಪ್ಲಿಫೈಯರ್ ಮೂಲಕ ನುಡಿಸತೊಡಗಿದಾಗ ಒಂದು ಸ್ವರವನ್ನು ಎಳೆದು ನಿಲ್ಲಿಸಿ ಅಲುಗಿಸುವುದು ಸಾಧ್ಯವಾಯಿತು. ಹಿಂದೂಸ್ತಾನಿ ಕೇಳುಗರಾದ ತಂತಿಪ್ರಿಯರಿಗೆ 1953ರ ಗಿಟಾರ್ ಹತ್ತಿರವೆನಿಸಿದರೆ ನನಗೆ ಆಶ್ಚರ್ಯವಾಗದು. ಲಯಸಂಗಾತಿಯವರು ಹೇಳಿದ ಮೆತ್ತಗಿನ ನೆಲವನ್ನು ನಾನು ದೋಷವೆಂದು ಎಣಿಸುವುದಿಲ್ಲ. ಎಳೆದ ಸ್ವರಕ್ಕೆ ಅಂಥ ಹಿನ್ನೆಲೆಯೇ ಬೇಕು. ಆತನ ಸೆಲ್ಮರ್ ಗಿಟಾರುಗಳಲ್ಲೊಂದು, 503 ಸಂಖ್ಯೆಯದು, ಈಗ ಪ್ಯಾರಿಸ್ಸಿನ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ.

ಓದುಗ ಧಾರವಾಡ ಬರೆದ ಉತ್ತರ:

ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಜಾಂಗೋ ರೋಮಾ ಜನಾಂಗದ ಮಾನೂಶ್ ಪಂಗಡದವನು. ರೋಮಾ ಜನರು ಮೂಲತಃ ಭಾರತದಿಂದ ಹೋದವರಾದ್ದರಿಂದ ಆತನ ಸಂಗೀತದಲ್ಲಿ ನಮ್ಮ ರಾಗಗಳ ನೆನಪಿದೆ ಎಂದು ಹೇಳುವವರಿದ್ದಾರೆ. ಇದರಲ್ಲಿ ಹುರುಳಿದೆಯೇ?

ಹಳೆಯ ಗ್ರಾಮಫೋನು ಬರೆದ ಉತ್ತರ:

ರೋಮಾನಿ ಭಾಷೆ ಇಂಡೋ-ಆರ್ಯನ್ ಗುಂಪಿಗೆ ಸೇರಿದ್ದೆಂಬುದು ಭಾಷಾಶಾಸ್ತ್ರಜ್ಞರು ಖಚಿತವಾಗಿ ಸ್ಥಾಪಿಸಿದ ಸಂಗತಿ. ಅಲ್ಲಿಂದ ರಾಗಕ್ಕೆ ಜಿಗಿಯಲು ಮಾತ್ರ ಆಧಾರವಿಲ್ಲ. ನಡುವೆ ಶತಮಾನಗಳ ಅಂತರವಿದೆ. ಜಾಂಗೋನ ಸಂಗೀತದ ಮೂಲಗಳು ಕಣ್ಣೆದುರಿಗೇ ಇವೆ: ಬಾಲ್ಯದಲ್ಲಿ ಪ್ಯಾರಿಸ್ಸಿನ ನೃತ್ಯಶಾಲೆಗಳ ಮ್ಯೂಸೆಟ್ ಎಂಬ ಅಕಾರ್ಡಿಯನ್ ಪ್ರಧಾನ ನೃತ್ಯಸಂಗೀತ, 1931ರಲ್ಲಿ ತೂಲೋನ್ ನಗರದಲ್ಲಿ ಚಿತ್ರಕಾರ ಎಮಿಲ್ ಸಾವಿತ್ರಿ ಕೇಳಿಸಿದ ಲೂಯಿ ಆರ್ಮ್‌ಸ್ಟ್ರಾಂಗ್‌ನ ಮುದ್ರಿಕೆಗಳು, ಎಲಿಂಗ್ಟನ್, ಜೊತೆಗೆ ಫ್ರೆಂಚ್ ಶಾಸ್ತ್ರೀಯ ಸಂಯೋಜಕರಾದ ದೆಬ್ಯುಸಿ ಮತ್ತು ರಾವೆಲ್. ಇವುಗಳಿಂದ ವಿವರಿಸಲಾಗದ್ದು ಏನಾದರೂ ಉಳಿದರೆ ಅದು ಆತನದೇ ಮನೋಧರ್ಮ.

ರೋಮಾ ಹುಟ್ಟಿನ ನಿಜವಾದ ಪರಿಣಾಮ ಬೇರೆ ಕಡೆ ಕಾಣುತ್ತದೆ. 1940ರ ಏಪ್ರಿಲ್‌ನಲ್ಲಿ ಫ್ರೆಂಚ್ ಸರ್ಕಾರವೇ ಅಲೆಮಾರಿಗಳ ಓಡಾಟವನ್ನು ನಿಷೇಧಿಸಿತು, ಆಮೇಲೆ ಸಾವಿರಾರು ಜನರನ್ನು ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಯೂರೋಪಿನಾದ್ಯಂತ ನಾಜಿಗಳು ರೋಮಾ ಜನರನ್ನು ಲಕ್ಷಾಂತರ ಸಂಖ್ಯೆಯಲ್ಲಿ ಕೊಂದರು. ಅದೇ ವೇಳೆಯಲ್ಲಿ ಜಾಂಗೋ ಪ್ಯಾರಿಸ್ಸಿನಲ್ಲಿ ತಾರೆಯಾಗಿದ್ದ. ಜಾಝ್ ಅಭಿಮಾನಿಯಾದ ಜರ್ಮನ್ ಅಧಿಕಾರಿ ಡೀಟ್ರಿಷ್ ಶುಲ್ಟ್ಸ್-ಕ್ಯೋನ್ ಆತನ ಜೊತೆ ನಿಂತ ಒಂದು ಛಾಯಾಚಿತ್ರವೂ ಇದೆ. ಈ ರಕ್ಷಣೆ ಎಷ್ಟು ದಿನ ನಡೆದೀತೆಂಬ ಭರವಸೆ ಆತನಿಗೂ ಇರಲಿಲ್ಲ. 1943ರಲ್ಲಿ ಸ್ವಿಟ್ಜರ್ಲೆಂಡಿಗೆ ದಾಟಲು ಯತ್ನಿಸಿ ವಿಫಲನಾದ. ಆ ವರ್ಷಗಳ ಖ್ಯಾತಿಯನ್ನು ನಾನು ಮೇಲೆ ಹೊಗಳಿದ್ದನ್ನು ಈ ಹಿನ್ನೆಲೆಯಲ್ಲಿಟ್ಟು ಓದಬೇಕು.

ಭಾರತದ ನಿಜವಾದ ನಂಟೊಂದು ಬೇಕಿದ್ದರೆ ಅದು ಗ್ರಪೆಲ್ಲಿಯ ಮೂಲಕ ಸಿಗುತ್ತದೆ. ಬೆಂಗಳೂರಿನ ಕೇಳುಗರಿಗೆ ಚಿರಪರಿಚಿತರಾದ ಪಿಟೀಲು ವಿದ್ವಾಂಸ ಎಲ್. ಸುಬ್ರಹ್ಮಣ್ಯಂ ಅವರೂ ಆತನೂ 1980ರ ದಶಕದಲ್ಲಿ 'ಕಾನ್ವರ್ಸೇಷನ್ಸ್' ಎಂಬ ಧ್ವನಿಮುದ್ರಿಕೆಯಲ್ಲಿ ಜೊತೆಯಾಗಿ ನುಡಿಸಿದ್ದಾರೆ.

ತಂತಿಪ್ರಿಯ ಬರೆದದ್ದು:

ಎಲ್ಲರಿಗೂ ಕೃತಜ್ಞತೆಗಳು. 'ಅನೂಮಾನ್' ಮತ್ತು 'ಫ್ಲೆಶ್ ದೋರ್' ಎರಡನ್ನೂ ಕೇಳಿದೆ. ಎರಡನೆಯದರ ಗಡಸು ದನಿ ಅನಿರೀಕ್ಷಿತವಾಗಿತ್ತು, ಹೆಸರು ತಿಳಿಯದೆ ಕೇಳಿದ್ದರೆ ಇನ್ನೂ ಹತ್ತು ವರ್ಷ ಈಚಿನದೆಂದು ಊಹಿಸುತ್ತಿದ್ದೆ. ಆದರೂ ಲಯಸಂಗಾತಿಯವರ ಪಕ್ಷವನ್ನು ಪೂರ್ತಿ ಬಿಡಲು ಮನಸ್ಸಿಲ್ಲ, ಆ ಮೂರು ಗಿಟಾರುಗಳ ಓಟ ನನಗೆ ಇನ್ನೂ ಬೇಕು. ಕೊನೆಯದೊಂದು ವಿಚಾರ: 1953ರ ಮುದ್ರಣಗಳು ಹಲವು ಸಂಕಲನಗಳಲ್ಲಿ ಬೆರೆತುಹೋಗಿವೆ. ಯಾವುದು ಯಾವ ದಿನದ್ದೆಂದು ಹೇಗೆ ಗುರುತಿಸುವುದು?

ಲಯಸಂಗಾತಿ ಬರೆದ ಉತ್ತರ:

ಸಂಕಲನದ ಹೆಸರನ್ನು ನಂಬಬೇಡಿ, ಮುದ್ರಣದ ದಿನಾಂಕ ಮತ್ತು ವಾದಕರ ಪಟ್ಟಿಯನ್ನು ನೋಡಿ. ಆ ವರ್ಷ ಮುಖ್ಯವಾದ ಮೂರು ಸಂದರ್ಭಗಳಿವೆ. ಜನವರಿ 30ರದ್ದು 'ಅನೂಮಾನ್' ಇರುವ ಗುಂಪು, ಅದರಲ್ಲಿ ಹ್ಯೂಬೆರ್ ಫೋಲ್‌ನ ಸ್ಯಾಕ್ಸೊಫೋನ್ ಇರುತ್ತದೆ. ಮಾರ್ಚ್ 10ರದ್ದು ಬರೀ ನಾಲ್ವರ ತಂಡ: ಗಿಟಾರಿನ ಜೊತೆ ಮೊರಿಸ್ ವಾಂದೆರ್‌ನ ಪಿಯಾನೋ, ಮಿಶೆಲೋನ ಬೇಸ್, ಝಾನ್-ಲೂಯಿ ವಿಯಾಲ್‌ನ ಡ್ರಮ್ಸ್. ಅಮೆರಿಕದ ನಿರ್ಮಾಪಕ ನಾರ್ಮನ್ ಗ್ರಾಂಟ್ಸ್ ಆತನನ್ನು ಹೊಸದಾಗಿ ಪ್ರವಾಸಕ್ಕೆ ಕರೆಸುವ ಯೋಚನೆಯಲ್ಲಿದ್ದ, ಅದರ ಮುನ್ನುಡಿಯಾಗಿ ಈ ಎಂಟು ತುಣುಕುಗಳು ಮುದ್ರಣಗೊಂಡವು. ಏಪ್ರಿಲ್ 8ರದ್ದು ಕೊನೆಯದು. ಅದರಲ್ಲಿ ಸಾದಿ ಎಂಬ ವಾದಕನ ವೈಬ್ರಾಫೋನ್ (ಲೋಹದ ಪಟ್ಟಿಗಳನ್ನು ಬಡಿದು ನುಡಿಸುವ ವಾದ್ಯ) ಕೇಳಿಸಿದರೆ ಸಂದೇಹವೇ ಬೇಡ. ಪಿಯಾನೋದಲ್ಲಿ ಆಗಿನ್ನೂ 25 ವರ್ಷದ, ಮುಂದೆ ತಾನೇ ಮಹಾವಾದಕನಾದ ಮಾರ್ಸಿಯಾಲ್ ಸೊಲಾಲ್ ಇದ್ದಾನೆ.

ಮಾರ್ಚ್ 10ರ ಗುಂಪಿನಲ್ಲಿ 'ನ್ಯುಆಜ್' ಮತ್ತೆ ಬರುತ್ತದೆ. 1940ರ ಮುದ್ರಣದ ಪಕ್ಕದಲ್ಲಿಟ್ಟು ಅದನ್ನು ಕೇಳಿದರೆ ನಮ್ಮಿಬ್ಬರ ಜಗಳದಲ್ಲಿ ಯಾರ ಕಡೆ ನಿಲ್ಲಬೇಕೆಂದು ನೀವೇ ನಿರ್ಧರಿಸಬಹುದು. ಆ ಎಂಟು ತುಣುಕುಗಳ ವಿಷಯದಲ್ಲಿ ಮಾತ್ರ ಹಳೆಯ ಗ್ರಾಮಫೋನು ಅವರೊಂದಿಗೆ ನನಗೆ ಯಾವ ತಕರಾರೂ ಇಲ್ಲ.